ಗೂಗಲ್ ಫೋಟೋಸ್‌ಗೆ ಮನೆಯ ಚಿತ್ರಗಳನ್ನು ಒಪ್ಪಿಸಿ ಮೂರು ವರ್ಷ

ಮೂರು ವರ್ಷಗಳ ಹಿಂದಿನ ಆಷಾಢದ ಒಂದು ಸಂಜೆ, ಸಾಗರದ ನಮ್ಮ ಮನೆಯಲ್ಲಿ ಕರೆಂಟು ಹೋದಾಗ ಮೇಣದ ಬತ್ತಿ ಹುಡುಕಲು ಎದ್ದವನು ಕೇಬಲ್ಲಿಗೆ ಕಾಲು ತೊಡರಿಸಿಕೊಂಡೆ; ಲ್ಯಾಪ್‌ಟಾಪಿಗೆ ಜೋಡಿಸಿಟ್ಟಿದ್ದ ಪೋರ್ಟಬಲ್ ಹಾರ್ಡ್ ಡಿಸ್ಕ್ ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು. ಬಿದ್ದ ಎತ್ತರ ಎರಡೂವರೆ ಅಡಿ ಇರಬಹುದು, ಆದರೆ ಬೀಳುವಾಗ ಅದು ಓಡುತ್ತಿತ್ತು. ಮತ್ತೆ ಜೋಡಿಸಿದಾಗ ಒಳಗಿನಿಂದ ಗೋಡೆ ಗಡಿಯಾರದಂತೆ ಟಿಕ್, ಟಿಕ್ ಎಂಬ ಸದ್ದು ಬರತೊಡಗಿತು. ಹಾರ್ಡ್ ಡಿಸ್ಕಿನ ಒಳಗೆ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಒಂದು ಸಣ್ಣ ತೋಳು ಓಡಾಡುತ್ತಿರುತ್ತದೆ. ‘ಹೆಡ್’ ಎನ್ನುವ ಅದರ ತುದಿ ತಟ್ಟೆಗೆ ತಾಗಿ ಕೆಟ್ಟರೆ ತಾನಿರುವ ಜಾಗ ಅದಕ್ಕೇ ತಿಳಿಯದೆ ಹೋಗಿ ಮತ್ತೆ ಮತ್ತೆ ಮೊದಲಿನ ಸ್ಥಾನಕ್ಕೆ ಮರಳುತ್ತದೆ. ನಾನು ಕೇಳಿದ್ದು ಆ ಮರಳುವಿಕೆಯ ಸದ್ದು.

ಬೆಂಗಳೂರಿನ ಡೇಟಾ ರಿಕವರಿ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವರು ಡಿಸ್ಕನ್ನು ಒಮ್ಮೆ ಕಿವಿಗೆ ಹಿಡಿದು, ‘ಹೆಡ್ ಹೋಗಿದೆ ಸರ್, 28 ಸಾವಿರ ಆಗುತ್ತೆ, ಆದರೂ ಗ್ಯಾರಂಟಿ ಹೇಳಕ್ಕಾಗಲ್ಲ’ ಎಂದರು. ಅವರ ಮಾತು ಪ್ರಾಮಾಣಿಕವಾಗಿತ್ತು, ಕೆಲಸವೂ ಆಯಿತು, ಫೋಟೊಗಳು ಮಾತ್ರ ಮುಕ್ಕಾಲು ಪಾಲು ಬರಲಿಲ್ಲ. 2009ರಿಂದ 2014ರವರೆಗಿನ ಐದು ವರ್ಷಗಳ ಚಿತ್ರಗಳಿಗೆ ಅದೊಂದೇ ಪ್ರತಿಯಾಗಿತ್ತು. ತಂಗಿಯ ಮದುವೆಯ ಕೆಲವು ಚಿತ್ರಗಳು ದಾಯಾದಿಗಳ ಫೇಸ್‌ಬುಕ್ ಪುಟದಲ್ಲಿ ಸಿಕ್ಕವು. ಅವೂ ಅಂಗೈಯಗಲಕ್ಕೆ ಕುಗ್ಗಿದವು, ಮುದ್ರಿಸಿದರೆ ಮುಖಗಳು ಚೌಕಳಿ ಚೌಕಳಿಯಾಗಿ ಒಡೆಯುತ್ತವೆ.

ಆ ನಷ್ಟದ ಮರುವಾರವೇ ಉಳಿದದ್ದನ್ನೆಲ್ಲ ಗೂಗಲ್ ಫೋಟೋಸ್‌ಗೆ ಏರಿಸಲು ಕುಳಿತವನು ನಾನು. ಈ ಮೂರು ವರ್ಷಗಳಲ್ಲಿ ಅದನ್ನು ದಿನನಿತ್ಯ ಬಳಸಿದ್ದೇನೆ, ಹಣ ಕೊಟ್ಟು ಬಳಸಿದ್ದೇನೆ, ಅದರ ಸಹಾಯ ಪುಟಗಳನ್ನು ಪಂಚಾಂಗ ಓದಿದಂತೆ ಓದಿದ್ದೇನೆ. ಆದ್ದರಿಂದ ಈ ವಿಮರ್ಶೆಯಲ್ಲಿ ನಾನು ಉತ್ತರಿಸಬೇಕೆಂದಿರುವ ಪ್ರಶ್ನೆ ಒಂದೇ: ಮನೆಯ ಚಿತ್ರಗಳ ಸಂಗ್ರಹಕ್ಕೆ ಇದನ್ನು ಬ್ಯಾಕಪ್ ಎಂದು ನಂಬಬಹುದೇ?

ಮೊದಲು ಏರಿಸಿದ ಕಥೆ. ನಮ್ಮ ಸಂಗ್ರಹದಲ್ಲಿ ಸುಮಾರು 38,000 ಫೋಟೊ ಮತ್ತು ವಿಡಿಯೊಗಳಿವೆ, ಒಟ್ಟು 160 ಜಿಬಿ. ಅಪ್ಪ ತೆಗೆದ ಫಿಲ್ಮ್ ಫೋಟೊಗಳ ಸ್ಕ್ಯಾನ್‌ಗಳೂ ಅದರಲ್ಲಿ ಸೇರಿವೆ. ಮಲೆನಾಡಿನ ಥಂಡಿಗೆ ನೆಗೆಟಿವ್‌ಗಳ ಮೇಲೆ ಬೂಷ್ಟು ಹಿಡಿಯತೊಡಗಿದ್ದರಿಂದ ಅವಸರದಲ್ಲಿ ಮಾಡಿಸಿದ ಸ್ಕ್ಯಾನ್‌ಗಳು ಅವು. ನಮ್ಮ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್. ಲೆಕ್ಕದ ಪ್ರಕಾರ 36 ಗಂಟೆ ಸಾಕು. ಆದರೆ ಮಳೆಗಾಲದ ಕರೆಂಟನ್ನು ಯಾವ ಲೆಕ್ಕಕ್ಕೂ ಸೇರಿಸಲಾಗದು, ಎರಡು ವಾರ ಹಿಡಿಯಿತು. ನಡುವೆ ಎಷ್ಟು ಬಾರಿ ಸಂಪರ್ಕ ಕಡಿದರೂ ಬಿಟ್ಟಲ್ಲಿಂದಲೇ ಮುಂದುವರಿಯಿತು, ಒಮ್ಮೆ ಏರಿದ್ದನ್ನು ಎರಡನೆಯ ಸಲ ಏರಿಸಲಿಲ್ಲ.

ದರದ ವಿಷಯ ಚಿಕ್ಕದು. 2015ರಲ್ಲಿ ಶುರುವಾದಾಗ ತುಸು ಕುಗ್ಗಿಸಿದ ಫೋಟೊಗಳನ್ನು ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದಿತ್ತು. 2021ರ ಜೂನ್ 1ರಿಂದ ಆ ಕಾಲ ಮುಗಿಯಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ ಉಚಿತ, ಅದರ ಮೇಲೆ ಚಂದಾ. ನಾನು 200 ಜಿಬಿಯ ಯೋಜನೆಗೆ ವರ್ಷಕ್ಕೆ 2,100 ರೂಪಾಯಿ ಕೊಟ್ಟಿದ್ದೇನೆ. ಈ ಜಾಗವನ್ನು ಇನ್ನೂ ಐದು ಮಂದಿ ಮನೆಯವರೊಡನೆ ಹಂಚಿಕೊಳ್ಳಬಹುದು, ಒಬ್ಬರ ಚಿತ್ರ ಇನ್ನೊಬ್ಬರಿಗೆ ಕಾಣುವುದಿಲ್ಲ. ಗುಣಮಟ್ಟದಲ್ಲಿ ಮುಖ್ಯವಾಗಿ ಎರಡು ಆಯ್ಕೆಗಳಿವೆ: ‘ಒರಿಜಿನಲ್’ ಮತ್ತು ‘ಸ್ಟೋರೇಜ್ ಸೇವರ್’. ಎರಡನೆಯದರಲ್ಲಿ ಫೋಟೊ 16 ಮೆಗಾಪಿಕ್ಸೆಲ್‌ಗೂ ವಿಡಿಯೊ 1080ಪಿಗೂ ಇಳಿಯುತ್ತದೆ. ಗೋಡೆಗೆ ಹಾಕುವ ಫೋಟೊ ಮುದ್ರಿಸಲು ಅಷ್ಟೇ ಧಾರಾಳ. ಆದರೆ ಸಂಗ್ರಹ ಕಾಪಾಡುವ ಉದ್ದೇಶವಿದ್ದರೆ ಒರಿಜಿನಲ್ಲನ್ನೇ ಆರಿಸಬೇಕು, ಏಕೆಂದರೆ ಕುಗ್ಗಿಸಿದ್ದನ್ನು ಮರಳಿ ಹಿಗ್ಗಿಸಲು ಬರುವುದಿಲ್ಲ. ಇನ್ನೊಂದು ಮಾತನ್ನು ಆಂಡ್ರಾಯ್ಡ್ ಬಳಸುವವರೆಲ್ಲ ಗಮನಿಸಬೇಕು: ಆ್ಯಪ್ ತಾನಾಗಿ ಏರಿಸುವುದು ಕ್ಯಾಮೆರಾದ ಫೋಲ್ಡರನ್ನು ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರಗಳ ಫೋಲ್ಡರನ್ನು ನಾವೇ ಹೋಗಿ ಆನ್ ಮಾಡಬೇಕು. ‘ಎಲ್ಲ ಗೂಗಲ್‌ನಲ್ಲಿದೆ’ ಎಂದು ನಿಶ್ಚಿಂತರಾಗಿರುವ ಹಲವರ ಫೋನಿನಲ್ಲಿ ಅದು ಆಫ್ ಆಗಿರುವುದನ್ನು ನಾನು ಕಂಡಿದ್ದೇನೆ.

ಆಲ್ಬಮ್ ಆಗಿ ಇದಕ್ಕೆ ಸಾಟಿಯಾದದ್ದನ್ನು ನಾನು ಬಳಸಿಲ್ಲ. ದೊಡ್ಡಪ್ಪನ ಮುಖವನ್ನು ಒಂದು ಚಿತ್ರದಲ್ಲಿ ಗುರುತಿಸಿ ಹೆಸರು ಕೊಟ್ಟರೆ, 1980ರ ದಶಕದ ಕಪ್ಪು ಮೀಸೆಯ ಸ್ಕ್ಯಾನಿನಿಂದ ಹಿಡಿದು ಕಳೆದ ಗೌರಿ ಹಬ್ಬದ ಬೋಳು ತಲೆಯವರೆಗೆ ಅವರನ್ನು ಒಂದೇ ಸಾಲಿನಲ್ಲಿ ತಂದು ನಿಲ್ಲಿಸಿತು. ಅಪ್ಪನನ್ನೂ ಚಿಕ್ಕಪ್ಪನನ್ನೂ ಕೆಲವೆಡೆ ಅದಲುಬದಲು ಮಾಡಿತು; ಊರಿನವರೇ ಮಾಡುವ ತಪ್ಪಾದ್ದರಿಂದ ನಾನದನ್ನು ದೂರುವುದಿಲ್ಲ. ಮುಚ್ಚಿಹೋದ ಹಿತ್ತಲ ಬಾವಿಯ ಒಂದು ಚಿತ್ರ ಇರಬೇಕೆಂದು ಅಮ್ಮ ಹೇಳುತ್ತಲೇ ಇದ್ದಳು. ಹುಡುಕಿದಾಗ, ಯಾರದೋ ನಾಮಕರಣದ ಚಿತ್ರದ ಹಿನ್ನೆಲೆಯಲ್ಲಿ ಬಾವಿಕಟ್ಟೆ, ರಾಟೆ, ಅದರ ಮೇಲೆ ಒಣಹಾಕಿದ ಹಸಿರು ಟವೆಲ್ಲು ಎಲ್ಲವೂ ಸಿಕ್ಕಿತು. 38,000 ಚಿತ್ರಗಳ ಫೋಲ್ಡರುಗಳಲ್ಲಿ ಅದನ್ನು ಕೈಯಾರೆ ಹುಡುಕಲು ಹೊರಟಿದ್ದರೆ ನನ್ನ ರಜೆ ಮುಗಿಯುತ್ತಿತ್ತು.

ಹುಡುಕಾಟ ಇಷ್ಟು ಸೊಗಸಾಗಿರುವುದೇ ಒಂದು ಮೋಸಕ್ಕೂ ದಾರಿಯಾಗುತ್ತದೆ. ಬೇಕಾದದ್ದು ಬೇಕೆಂದಾಗ ಸಿಗುವುದರಿಂದ ಅದು ಸುರಕ್ಷಿತವಾಗಿದೆ ಎಂದು ಮನಸ್ಸು ತಾನಾಗಿ ತೀರ್ಮಾನಿಸಿಬಿಡುತ್ತದೆ. ಕಳೆದ ವರ್ಷ ನನ್ನ ತಂಗಿ ಫೋನ್ ಮಾಡಿ, ‘ಅಣ್ಣಾ, ಫೋನಿನಲ್ಲಿ ಜಾಗ ಇರಲಿಲ್ಲ, ಹೇಗೂ ಗೂಗಲ್‌ನಲ್ಲಿ ಇದೆಯಲ್ಲ ಅಂತ ಫೋಟೊ ಎಲ್ಲ ಡಿಲೀಟ್ ಮಾಡಿದೆ, ಈಗ ಅಲ್ಲೂ ಇಲ್ಲ’ ಎಂದಳು. ಅವಳು ಡಿಲೀಟ್ ಒತ್ತಿದ್ದು ಗೂಗಲ್ ಫೋಟೋಸ್ ಆ್ಯಪ್‌ನ ಒಳಗೆ. ಅಲ್ಲಿ ಅಳಿಸಿದರೆ ಫೋನಿನ ಪ್ರತಿಯೂ ಗೂಗಲ್‌ನ ಪ್ರತಿಯೂ ಒಟ್ಟಿಗೇ ಹೋಗುತ್ತವೆ, ಅದು ದೋಷವಲ್ಲ, ಅದರ ವಿನ್ಯಾಸವೇ ಹಾಗೆ. ಫೋನಿನಲ್ಲಿ ಜಾಗ ಮಾಡಿಕೊಳ್ಳುವುದಕ್ಕೆಂದೇ ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆ ಗುಂಡಿಯಿದೆ. ಅದು ಈಗಾಗಲೇ ಏರಿಸಿದ ಚಿತ್ರಗಳನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ. ಏರಿಸಿದ ಚಿತ್ರ ಅಳಿಸಿದ ಮೇಲೆ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಅವಳು ಕೇಳಿದ್ದು ಹತ್ತನೆಯ ದಿನ, ಆದ್ದರಿಂದ ಎಲ್ಲವೂ ಮರಳಿ ಬಂತು. ಎಪ್ಪತ್ತನೆಯ ದಿನ ಕೇಳಿದ್ದರೆ ನಾನು ಸಾಂತ್ವನ ಹೇಳಬಹುದಿತ್ತು, ಅಷ್ಟೆ.

ಇಲ್ಲಿಗೆ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು. ಒಂದು ಕಡೆ ಮಾಡಿದ ತಪ್ಪು ಎರಡನೆಯ ಕಡೆಯೂ ತಾನಾಗಿ ನಡೆದುಹೋಗುವುದಾದರೆ ಅದು ಎರಡು ಪ್ರತಿ ಅಲ್ಲ, ಒಂದೇ ಪ್ರತಿಯ ಎರಡು ಕಿಟಕಿ. ತಾಂತ್ರಿಕವಾಗಿ ಇದನ್ನು ಸಿಂಕ್ ಎನ್ನುತ್ತಾರೆ. ಬ್ಯಾಕಪ್ ಎನ್ನಿಸಿಕೊಳ್ಳಬೇಕಾದರೆ ಇಂದು ನಾನು ಎಡವಿದ್ದು ಗೊತ್ತಾಗದ ಇನ್ನೊಂದು ಪ್ರತಿ ಎಲ್ಲೋ ಇರಬೇಕು. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಹೇಳುವುದೂ ಇದನ್ನೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಕನಿಷ್ಠ ಬೇರೆ ಸೂರಿನಡಿಯಲ್ಲಿ. ಈ ಸೂತ್ರದಲ್ಲಿ ಗೂಗಲ್ ಫೋಟೋಸ್ ‘1’ರ ಸ್ಥಾನವನ್ನು ಚೆನ್ನಾಗಿ ತುಂಬುತ್ತದೆ, ಮನೆಗೆ ನೀರು ನುಗ್ಗಿದರೂ ಕಳ್ಳ ಬಂದರೂ ಅದು ಉಳಿಯುತ್ತದೆ. ‘3’ರ ಕೆಲಸವನ್ನು ಅದೊಂದೇ ಮಾಡಲಾರದು.

ಹಾಗಾದರೆ ಅಲ್ಲಿರುವುದನ್ನು ಕೆಳಗಿಳಿಸಿಕೊಂಡು ಎರಡನೆಯ ಪ್ರತಿ ಮಾಡಿಕೊಳ್ಳೋಣವೆಂದರೆ, ಅದಕ್ಕಿರುವ ದಾರಿ ಗೂಗಲ್‌ನದೇ ಟೇಕ್‌ಔಟ್ ಎಂಬ ಸೇವೆ. ಮನವಿ ಸಲ್ಲಿಸಿದರೆ ಕೆಲವು ಗಂಟೆಗಳ ಅಥವಾ ದಿನಗಳ ನಂತರ ಮೇಲ್‌ನಲ್ಲಿ ಕೊಂಡಿಗಳು ಬರುತ್ತವೆ. ಅವು ಸುಮಾರು ಒಂದು ವಾರ ಮಾತ್ರ ಬಾಳುತ್ತವೆ. ಚಿತ್ರಗಳನ್ನು ಗಂಟು ಕಟ್ಟಿಟ್ಟ ಒಂದೊಂದು ಜಿಪ್ ಕಡತವನ್ನು 50 ಜಿಬಿವರೆಗೆ ಹಿಗ್ಗಿಸಬಹುದು, ಆದರೆ ನಮ್ಮಂಥ ಸಂಪರ್ಕಕ್ಕೆ 10 ಜಿಬಿಯ ತುಂಡುಗಳೇ ಕ್ಷೇಮ. ಎರಡು ತಿಂಗಳಿಗೊಮ್ಮೆಯಂತೆ ಒಂದು ವರ್ಷ ತಾನಾಗಿಯೇ ತಯಾರಾಗುವಂತೆ ಹೇಳಿಡುವ ಅನುಕೂಲವೂ ಇದೆ. ಇಳಿಸಿಕೊಳ್ಳುವ ಕೆಲಸ ಮಾತ್ರ ನಮ್ಮದೇ. ಪ್ರತಿ ಸಲವೂ ಎಲ್ಲವನ್ನೂ ತರಿಸಬೇಕೆಂದಿಲ್ಲ, ‘2024ರ ಫೋಟೊಗಳು’ ಎಂಬಂತೆ ಬೇಕಾದ ವರ್ಷವನ್ನಷ್ಟೇ ಆರಿಸಬಹುದು. ಇದು ಒಳ್ಳೆಯ ಏರ್ಪಾಡು, ಗೂಗಲ್ ಇದನ್ನು ಉಚಿತವಾಗಿಯೇ ಕೊಟ್ಟಿದೆ.

ಜಿಪ್ ಬಿಚ್ಚಿದ ಮೇಲೆ ಅಸಲು ವಿಷಯ ಶುರುವಾಗುತ್ತದೆ. ನಮ್ಮ ಮನೆಯ ಹಳೆಯ ಡಿಜಿಟಲ್ ಕ್ಯಾಮೆರಾ ಬ್ಯಾಟರಿ ತೆಗೆದಾಗಲೆಲ್ಲ ತಾರೀಖು ಮರೆತು 2005ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತಿತ್ತು. ಅದರಿಂದಾಗಿ ನಮ್ಮ ಸಂಗ್ರಹದ ಪ್ರಕಾರ ಆ ಒಂದೇ ದಿನ ನಮ್ಮ ಕುಟುಂಬದಲ್ಲಿ ಮೂರು ಮದುವೆ, ಎರಡು ಉಪನಯನ, ಒಂದು ಜೋಗದ ಪ್ರವಾಸ ನಡೆದಿವೆ. ಸ್ಕ್ಯಾನ್‌ಗಳದ್ದು ಇನ್ನೊಂದು ಬಗೆ, ಅವಕ್ಕೆ ಸ್ಕ್ಯಾನ್ ಮಾಡಿದ ದಿನವೇ ಹುಟ್ಟಿದ ದಿನ. ನಾನು ಎರಡು ಚಳಿಗಾಲ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಇದು ಯಾವಾಗಿನದು’ ಎಂದು ಕೇಳಿ ಕೇಳಿ, ಗೂಗಲ್ ಫೋಟೋಸ್‌ನಲ್ಲಿ ಒಂದೊಂದೇ ತಾರೀಖು ತಿದ್ದಿದೆ. ಸೀರೆ ನೋಡಿ ವರ್ಷ ಹೇಳುವ ವಿದ್ಯೆ ಅಮ್ಮನಿಗಿದೆ. ಹೀಗೆ ತಿದ್ದಿದ ತಾರೀಖು ಗೂಗಲ್ ಫೋಟೋಸ್ ತನ್ನ ಕಡೆ ಇಟ್ಟುಕೊಳ್ಳುವ ಟಿಪ್ಪಣಿಯೇ ಹೊರತು ಮೂಲ ಚಿತ್ರದ ಒಳಗೆ ಬರೆಯಲ್ಪಡುವಂಥದ್ದಲ್ಲ. ಟೇಕ್‌ಔಟ್‌ನಲ್ಲಿ ಪ್ರತಿ ಚಿತ್ರದ ಪಕ್ಕದಲ್ಲೊಂದು ಸಣ್ಣ ಜೆಸನ್ ಕಡತ, ಅಂದರೆ ಚಿತ್ರದ ವಿವರಗಳನ್ನು ಅಕ್ಷರಗಳಲ್ಲಿ ಬರೆದಿಟ್ಟ ಕಡತ, ಬರುತ್ತದೆ, ತಿದ್ದಿದ ತಾರೀಖು ಇರುವುದು ಅದರಲ್ಲಿ. ಅಪ್ಪ ಅಡಿಕೆ ಅಂಗಳದಲ್ಲಿ ಮೊಪೆಡ್ ಹಿಡಿದು ನಿಂತ 1984ರ ಮೇ ತಿಂಗಳ ಚಿತ್ರವನ್ನು ಕೆಳಗಿಳಿಸಿ ನೋಡಿದರೆ, ಚಿತ್ರದ ಒಳಗಿನ ತಾರೀಖು ಸ್ಕ್ಯಾನ್ ಮಾಡಿದ ನವೆಂಬರ್‌ದೇ ಆಗಿದೆ. ಪಕ್ಕದ ಜೆಸನ್ ತೆರೆದರೆ ಕಂಪ್ಯೂಟರುಗಳ ರೂಢಿಯಂತೆ 1970ರ ಜನವರಿ 1ರಿಂದ ಎಣಿಸಿದ ಸುಮಾರು 45 ಕೋಟಿ 32 ಲಕ್ಷ ಸೆಕೆಂಡುಗಳ ಒಂದು ಅಂಕಿ, ಅದರ ಕೆಳಗೆ ಮನುಷ್ಯರು ಓದಬಹುದಾದ ರೂಪದಲ್ಲಿ ಅಮ್ಮ ಹೇಳಿದ ದಿನ.

ಈ ಎರಡನ್ನೂ ಒಂದುಗೂಡಿಸಲು ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವಿದೆ. ಅದು ಜೆಸನ್‌ನ ತಾರೀಖನ್ನು ಎತ್ತಿ ಚಿತ್ರದ ಒಳಗೇ ಬರೆಯುತ್ತದೆ. ಆದರೆ ಅದನ್ನು ಓಡಿಸಲು ಕಪ್ಪು ಪರದೆಯಲ್ಲಿ ಆದೇಶ ಟೈಪಿಸಬೇಕು, ಎಲ್ಲರೂ ಅದಕ್ಕೆ ಕೈಹಾಕುವುದಿಲ್ಲ. ಆದ್ದರಿಂದ ಇನ್ನು ಶುರು ಮಾಡುವವರಿಗೆ ನನ್ನ ಸಲಹೆ ತಿರುವುಮುರುವಾಗಿದೆ: ತಾರೀಖನ್ನು ಮೊದಲು ಕಂಪ್ಯೂಟರಿನಲ್ಲಿ, ಚಿತ್ರದ ಕಡತದಲ್ಲೇ ತಿದ್ದಿ, ಆಮೇಲೆ ಗೂಗಲ್ ಫೋಟೋಸ್‌ಗೆ ಏರಿಸಿ. ಆಲ್ಬಮ್‌ಗಳನ್ನು ಮಾಡಿದವರು ಇನ್ನೊಂದನ್ನು ತಿಳಿದಿರಬೇಕು. ಆಲ್ಬಮ್‌ನಲ್ಲಿರುವ ಚಿತ್ರ ಟೇಕ್‌ಔಟ್‌ನಲ್ಲಿ ವರ್ಷದ ಫೋಲ್ಡರಿನಲ್ಲೊಮ್ಮೆ, ಆಲ್ಬಮ್‌ನ ಫೋಲ್ಡರಿನಲ್ಲೊಮ್ಮೆ ಬರುವುದರಿಂದ ಒಟ್ಟು ಗಾತ್ರ ಊಹೆ ಮೀರಿ ಉಬ್ಬುತ್ತದೆ.

ಖಾತೆಯ ಮಾತು ಇವೆಲ್ಲಕ್ಕಿಂತ ದೊಡ್ಡದು. ಗೂಗಲ್ ಫೋಟೋಸ್‌ನಲ್ಲಿ ಇಟ್ಟ ಚಿತ್ರಕ್ಕೆ ನಮ್ಮ ಖಾತೆಯೇ ಬೀಗದ ಕೈ, ಆ ಕೈ ನಮ್ಮ ಬಳಿ ಇಲ್ಲವಾದರೆ ಚಿತ್ರ ಎಲ್ಲಿದ್ದರೇನು? ಕಂಪನಿಯ ತಂತ್ರಾಂಶ ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಪತ್ತೆಹಚ್ಚಲು ಖಾತೆಗಳನ್ನು ಪರಿಶೀಲಿಸುತ್ತದೆ; ಅದು ಅಗತ್ಯವಾದ ಕೆಲಸವೂ ಹೌದು. ಆದರೆ 2024ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿಗೆ ಒಂದು ಅರ್ಜಿ ಬಂತು: ಎರಡು ವರ್ಷದವನಿದ್ದಾಗ ಅಜ್ಜಿ ಸ್ನಾನ ಮಾಡಿಸುತ್ತಿದ್ದ ತನ್ನದೇ ಫೋಟೊವನ್ನು ಗೂಗಲ್ ಡ್ರೈವ್‌ಗೆ ಏರಿಸಿದ್ದಕ್ಕೆ ಖಾತೆಯನ್ನೇ ತಡೆಹಿಡಿಯಲಾಗಿದೆ, ಮೇಲ್ ಕೂಡ ಸಿಗುತ್ತಿಲ್ಲ ಎಂದು ಒಬ್ಬ ಎಂಜಿನಿಯರ್ ದೂರಿದ್ದರು. ನ್ಯಾಯಾಲಯ ಗೂಗಲ್‌ಗೂ ಸರ್ಕಾರಗಳಿಗೂ ನೋಟಿಸ್ ಕೊಟ್ಟಿತು. ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವ ಚಿತ್ರ ಇಲ್ಲದ ಮನೆಯ ಆಲ್ಬಮ್ ನಮ್ಮ ಕಡೆ ಇದೆಯೇ? ನಾನು ಅಂಥ ಹನ್ನೊಂದು ಚಿತ್ರಗಳನ್ನು ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇಟ್ಟುಕೊಂಡೆ.

ಇದಲ್ಲದೆ ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಚಂದಾ ನಿಲ್ಲಿಸಿ ಜಾಗ ಮೀರಿದರೆ ಹೊಸ ಫೋಟೊ ಏರುವುದು ನಿಲ್ಲುವುದಷ್ಟೇ ಅಲ್ಲ, ಜಿಮೇಲ್‌ಗೆ ಮೇಲ್ ಬರುವುದೂ ನಿಲ್ಲುತ್ತದೆ. ಬ್ಯಾಂಕಿನವರ ಪತ್ರ ವಾಪಸ್ ಹೋಗಲು ಮಕ್ಕಳ ವಿಡಿಯೊ ಕಾರಣವಾಗಬಹುದು. ಮೀರಿದ ಸ್ಥಿತಿ ಎರಡು ವರ್ಷ ಮುಂದುವರಿದರೆ ಒಳಗಿರುವುದನ್ನು ಅಳಿಸುವ ಹಕ್ಕನ್ನೂ ಕಂಪನಿ ಇಟ್ಟುಕೊಂಡಿದೆ. ಖಾತೆದಾರ ತೀರಿಕೊಂಡರೆ ಏನು ಎಂಬ ಪ್ರಶ್ನೆಗೆ ‘ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಒಳ್ಳೆಯ ಉತ್ತರವಿದೆ: ಇಷ್ಟು ತಿಂಗಳು ನನ್ನ ಸುಳಿವಿಲ್ಲದಿದ್ದರೆ ಇಂಥವರಿಗೆ ನನ್ನ ಫೋಟೊಗಳನ್ನು ಕೊಡಿ ಎಂದು ಹತ್ತು ಮಂದಿಯವರೆಗೆ ಹೆಸರಿಸಿಡಬಹುದು. ನಾನು ಹೆಂಡತಿಯನ್ನೂ ತಂಗಿಯನ್ನೂ ಹೆಸರಿಸಿದ್ದೇನೆ. ಫೋನ್ ಕಳೆದುಹೋದರೆ ಖಾತೆಗೆ ಮರಳಲು ಬೇಕಾದ ಹತ್ತು ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿ, ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಜೊತೆಗಿಟ್ಟಿದ್ದೇನೆ.

ಇನ್ನು ಗೂಗಲ್‌ನ ಜೊತೆಗೆ ನಾನು ಇಟ್ಟುಕೊಂಡಿರುವುದು ತಲಾ 1 ಟಿಬಿಯ ಎರಡು ಹಾರ್ಡ್ ಡಿಸ್ಕ್‌ಗಳು. ಎರಡನ್ನೂ ಬೇರೆ ಬೇರೆ ವರ್ಷ, ಬೇರೆ ಬೇರೆ ಕಂಪನಿಯವನ್ನೇ ಕೊಂಡೆ, ಒಂದೇ ಡಬ್ಬಿಯಿಂದ ಬಂದವು ಒಂದೇ ಕಾಲಕ್ಕೆ ಕೈಕೊಡುವುದುಂಟು. ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ವೇಗದ್ದಾದರೂ ವರ್ಷಗಟ್ಟಲೆ ಕರೆಂಟಿಲ್ಲದೆ ಪೆಟ್ಟಿಗೆಯಲ್ಲಿ ಮಲಗುವ ಪ್ರತಿಗೆ ನಾನದನ್ನು ಆರಿಸಲಿಲ್ಲ, ಅದರಲ್ಲಿ ಮಾಹಿತಿ ನಿಂತಿರುವುದು ವಿದ್ಯುದಾವೇಶದ ಮೇಲೆ, ಅದು ನಿಧಾನವಾಗಿ ಸೋರುತ್ತದೆ. ನಕಲು ಮಾಡಲು ಫ್ರೀಫೈಲ್‌ಸಿಂಕ್ ಎಂಬ ತಂತ್ರಾಂಶ ಬಳಸುತ್ತೇನೆ. ಅದರಲ್ಲಿ ‘ಮಿರರ್’ ಎಂಬ ವಿಧಾನ ಮೂಲದಲ್ಲಿ ಅಳಿದದ್ದನ್ನು ನಕಲಿನಲ್ಲೂ ಅಳಿಸುತ್ತದೆ, ಅಂದರೆ ತಂಗಿಯ ಪ್ರಸಂಗವೇ ಇಲ್ಲೂ ಮರುಕಳಿಸುತ್ತದೆ. ‘ಅಪ್‌ಡೇಟ್’ ಹೊಸದನ್ನೂ ಬದಲಾದದ್ದನ್ನೂ ನಕಲಿಸುತ್ತದೆ, ಮೂಲದಲ್ಲಿ ಅಳಿದದ್ದನ್ನು ನಕಲಿನಲ್ಲಿ ಅಳಿಸುವುದಿಲ್ಲ. ನಾನು ಎರಡನೆಯದನ್ನೇ ಬಳಸುತ್ತೇನೆ. ನಕಲು ಮುಗಿದ ಮೇಲೆ ಕಣ್ಣುಮುಚ್ಚಿ ಆರಿಸಿದ ಇಪ್ಪತ್ತು ಚಿತ್ರ, ಐದು ವಿಡಿಯೊ ತೆರೆದು ನೋಡುವುದು ನನ್ನ ರೂಢಿ, ವಿಡಿಯೊಗಳನ್ನು ಕೊನೆಯ ನಿಮಿಷಕ್ಕೆ ಓಡಿಸಿ ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್‌ನ ಮೇಲಿನ ನಂಬಿಕೆ ಎಂಥದ್ದೆಂದು ಆ ಟಿಕ್ ಟಿಕ್ ಸದ್ದು ನನಗೆ ಕಲಿಸಿದೆ.

ಪರ್ಯಾಯಗಳಿಲ್ಲದಿಲ್ಲ. ಐಫೋನಿನವರಿಗೆ ಆ್ಯಪಲ್‌ನ ಐಕ್ಲೌಡ್ ಸಹಜವಾದ ಆಯ್ಕೆ, ಅಲ್ಲಿ ಉಚಿತ ಜಾಗ 5 ಜಿಬಿ ಮಾತ್ರ, ಸಿಂಕ್‌ನ ಸಮಸ್ಯೆ ಅಲ್ಲೂ ಇದೇ. ಸ್ವಂತ ಕಂಪ್ಯೂಟರಿನಲ್ಲೇ ಗೂಗಲ್ ಫೋಟೋಸ್‌ನಂಥದ್ದನ್ನು ನಡೆಸಬಯಸುವವರಿಗೆ ಇಮ್ಮಿಚ್ ಎಂಬ ಮುಕ್ತ ತಂತ್ರಾಂಶವಿದೆ, ಮುಖ ಗುರುತಿಸುವುದನ್ನೂ ಅದು ಮಾಡುತ್ತದೆ. ಆದರೆ ದಿನವಿಡೀ ಓಡುವ ಯಂತ್ರ, ಯುಪಿಎಸ್, ಅದರದ್ದೇ ಬ್ಯಾಕಪ್ ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ಸಾಗರದ ಜೂನ್ ತಿಂಗಳಲ್ಲಿ ಆ ಉತ್ಸಾಹ ನನಗಿಲ್ಲ.

ಅಂಕ ಕೊಡಲೇಬೇಕೆಂದರೆ, ಚಿತ್ರಗಳನ್ನು ಹುಡುಕಿ ನೋಡುವ ಆಲ್ಬಮ್ ಆಗಿ ಗೂಗಲ್ ಫೋಟೋಸ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮನೆಯಿಂದ ದೂರವಿರುವ ಒಂದು ಪ್ರತಿಯಾಗಿ ನಾಲ್ಕು. ಏಕೈಕ ಬ್ಯಾಕಪ್ ಆಗಿ ಎರಡಕ್ಕಿಂತ ಹೆಚ್ಚು ಕೊಡಲಾರೆ. ಚಂದಾವನ್ನು ಮುಂದುವರಿಸುತ್ತಿದ್ದೇನೆ.

ಎರಡು ಡಿಸ್ಕ್‌ಗಳಲ್ಲಿ ಒಂದು ನಮ್ಮ ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಸ್ಟೀಲ್ ಡಬ್ಬಿಯೊಳಗಿರುತ್ತದೆ, ಇನ್ನೊಂದು ಮೈಸೂರಿನಲ್ಲಿ ತಂಗಿಯ ಮನೆಯಲ್ಲಿ. ದಸರಾಕ್ಕೆ ನಾವು ಅಲ್ಲಿಗೆ ಹೋಗುವಾಗ ಒಯ್ದು, ಅಲ್ಲಿನದನ್ನು ತರುತ್ತೇವೆ; ಯುಗಾದಿಗೆ ಅವರು ಬರುವಾಗ ಅದಲುಬದಲು. ಈ ಸಲ ಅವಳು ಡಬ್ಬಿಯ ಮುಚ್ಚಳಕ್ಕೆ ಪೇಪರ್ ಟೇಪ್ ಅಂಟಿಸಿ ‘ಕೋಡುಬಳೆ ಅಲ್ಲ’ ಎಂದು ಬರೆದು ಕಳಿಸಿದ್ದಾಳೆ.